ಹನ್ನೆರಡಕ್ಕೆ ಇಳಿಯದ ಬೆಂಚುಗಳು

2025ರ ಜುಲೈ 8, ಮಂಗಳವಾರ, ಬೆಳಿಗ್ಗೆ 10.20. ಅಂಕೋಲಾ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯ ದೊಡ್ಡ ಕೋಣೆಯಲ್ಲಿ, ನಲವತ್ತೆಂಟು ಹೊಸ ಬೆಂಚುಗಳ ಎದುರು ನಿಂತು ನನ್ನ ನೋಟುಪುಸ್ತಕದಲ್ಲಿ ಮೊದಲ ಅಂಕಿ ಬರೆದೆ: 11. ಈ ಲೆಕ್ಕ ಶುರುವಾದದ್ದು ಅಲ್ಲಿಂದ.

ಆಗ ನಾನು ಅಂಕೋಲೆಯ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ ಎಂಟು ತಿಂಗಳಾಗಿತ್ತು. ದಿನವೂ ಕಾರವಾರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಸರ್ಕಾರ ಕೊಂಡ ಸಾಮಾನು ಬಂದಾಗ ಎಣಿಸಿ, ಆದೇಶದಲ್ಲಿದ್ದುದಕ್ಕೆ ತಾಳೆ ನೋಡಿ, ಸ್ವೀಕೃತಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಅಷ್ಟರವರೆಗೆ ಎಣಿಸಿದ್ದು ಬಕೆಟ್ಟು, ತಾಡಪಾಲು, ಅಂಗನವಾಡಿಯ ಚಾಪೆ, ಒಮ್ಮೆ ಇನ್ನೂರು ಪೊರಕೆ. ಸಂಖ್ಯೆ ಸರಿ ಇದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಸಾಮಾನು ಚೆನ್ನಾಗಿದೆಯೇ ಎಂಬ ಪ್ರಶ್ನೆ ಬೇರೆಯವರದು. ಅದನ್ನು ಅವರು ಹೇಗೆ ತೀರ್ಮಾನಿಸುತ್ತಾರೆ ಎಂದು ನಾನು ಯೋಚಿಸಿದ್ದೇ ಇಲ್ಲ.

ಆ ಮಂಗಳವಾರ ಪರಿಶೀಲನೆಗೆಂದು ಕಾರವಾರದಿಂದ ಎಂಜಿನಿಯರ್ ಮೇಡಂ ಬಂದಿದ್ದರು. ಅವರ ಚೀಲದಲ್ಲಿ ಹೊಸದೊಂದು ಯಂತ್ರವಿತ್ತು: ಮೊಬೈಲಿನಷ್ಟು ಗಾತ್ರ, ತುದಿಯಲ್ಲಿ ಎರಡು ಸೂಜಿ. ಮರಕ್ಕೆ ಚುಚ್ಚಿದರೆ ಅದರೊಳಗೆ ನೂರಕ್ಕೆ ಎಷ್ಟು ಪಾಲು ತೇವವಿದೆ ಎಂದು ತೋರಿಸುತ್ತದೆ. ಆದೇಶದ ಷರತ್ತು ಹೀಗಿತ್ತು: ಮರದ ತೇವ ಹನ್ನೆರಡು ಮೀರಬಾರದು.

ಬೆಂಚು ಮಾಡಿದವರು ಅವರ್ಸಾದ ಆಚಾರಿ. ಐವತ್ತು ದಾಟಿದವರು. ಇದು ಅವರ ಮೊದಲ ಸರ್ಕಾರಿ ಕೆಲಸ. ಪರಿಶೀಲನೆಯಲ್ಲಿ ಬಿದ್ದರೆ ನಲವತ್ತೆಂಟನ್ನೂ ಹೊತ್ತುಕೊಂಡು ಹೋಗಬೇಕು, ಮುಂದಿನ ಎರಡು ವರ್ಷ ಈ ತಾಲ್ಲೂಕಿನಲ್ಲಿ ಯಾವ ಸರ್ಕಾರಿ ಕೆಲಸಕ್ಕೂ ಅರ್ಜಿ ಹಾಕುವಂತಿಲ್ಲ. ಆ ಷರತ್ತು ಅವರಿಗೆ ಬಾಯಿಪಾಠವಾಗಿತ್ತು. ನಾನು ಎಣಿಸುತ್ತಿದ್ದಾಗ ಎರಡು ಸಲ ಹೇಳಿದರು.

ಬಾಗಿಲ ಪಕ್ಕದಲ್ಲಿ ಒಂದು ಬೆಂಚು ಬೇರೆಯಾಗಿ ನಿಂತಿತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆಚಾರಿಯವರು ಅದರ ಮೇಲೆ ಹಾಸಿದ್ದ ಟವೆಲ್ ಕೊಡವಿದರು.

"ಇದ್ರ ಮೇಲೆ ಕೂತ್ಕಳಿ ಮೇಡಮ್ಮೋರೆ. ಮಳೇಲಿ ಬಂದ್ರಿ."

ಮೇಡಂ ಕೂತರು. ಯಂತ್ರ ಸರಿಯಿದೆಯೋ ನೋಡೋಣ ಎಂದು ಕೂತಲ್ಲೇ ಬಗ್ಗಿ, ಹಲಗೆಯ ಕೆಳಬದಿಗೆ, ಪಾಲಿಶ್ ಇಲ್ಲದ ಕಡೆ ಚುಚ್ಚಿದರು. ಹನ್ನೊಂದು. ಮುಖ ಅರಳಿತು. "ಆಚಾರ್ರೆ, ಮಳೆಗಾಲದಲ್ಲಿ ಹನ್ನೊಂದು! ಬರ್ಕೊ ಮಾರಾಯ್ತಿ."

ಆಮೇಲೆ ಪದ್ಧತಿ ಪ್ರಕಾರ ಚೀಟಿ ಎತ್ತಿದೆವು. 7, 19, 22, 35, 40. ಆ ಐದು ಬೆಂಚುಗಳಿಗೆ ಚುಚ್ಚಿದಾಗ ಬಂದದ್ದು: 17, 18, 18, 17, 19.

ಮೇಡಂ ಒಂದು ಬೆಂಚನ್ನು ಮಗುಚಿ ನೋಡಿದರು. ಕಾಲು ಮತ್ತು ಅಡ್ಡಪಟ್ಟಿ ಸೇರುವ ಕಡೆಯೆಲ್ಲ ಮರದ ಬೆಣೆಗಳು ಅರ್ಧ ಬೆರಳಿನಷ್ಟು ಹೊರಗೇ ಉಳಿದಿದ್ದವು. ಬಾಗಿಲ ಬಳಿಯ ಬೆಂಚಿನಲ್ಲಿ ಮಾತ್ರ ಬೆಣೆಗಳನ್ನು ಪೂರ್ತಿ ಹೊಡೆದು, ತುದಿ ಕತ್ತರಿಸಿ, ಉಜ್ಜಿ ನುಣುಪು ಮಾಡಲಾಗಿತ್ತು.

"ನಂಗೆ ತೋರ್ಸೂಕೆ ಒಂದು ನಮೂನೆ, ಮಕ್ಕಳಿಗೆ ಒಂದು ನಮೂನೆ. ಅಲ್ವೇನ್ರಿ?"

"ಅಯ್ಯೋ, ಹಾಂಗಲ್ಲ! ನೋಡೂಕೆ ಬರೋರು ಕೂರೂಕೆ ಅಂತ ಅದೊಂದು ಚಂದ ಮಾಡ್ದೆ. ಮನೆಗೆ ನೆಂಟರು ಬಂದ್ರೆ ಒಡಕು ಬಟ್ಲಲ್ಲಿ ಚಾ ಕೊಡ್ತಾರ್ಯೆ?"

"ನಾನು ನೆಂಟಳಲ್ಲ, ಆಚಾರ್ರೆ. ಪರಿಶೀಲನೆಗೆ ಬಂದವಳು."

"ಬಂದವ್ರೆಲ್ಲ ನೆಂಟ್ರೇ ಅಲ್ದಾ," ಎಂದರು ಅವರು, ದನಿ ತಗ್ಗಿಸಿ.

ಆ ಬೆಂಚಿಗೆ ಬೇಕಾದ ಹಲಗೆ ಮತ್ತು ಪಟ್ಟಿಗಳನ್ನು ಅವರು ಮನೆಯ ಅಟ್ಟದಲ್ಲಿ, ಕೊಬ್ಬರಿ ಒಣಗಿಸಲು ಕೆಳಗೆ ಸಿಪ್ಪೆಯ ಬೆಂಕಿ ಹಾಕುವ ಜಾಗದಲ್ಲಿ, ಹದಿನೈದು ದಿನ ಇಟ್ಟಿದ್ದರಂತೆ. ಮೋಸ ಮಾಡುವವರಾಗಿದ್ದರೆ ಅದನ್ನು ಹೇಳುತ್ತಿರಲಿಲ್ಲ ಎಂದು ನನಗೆ ಅನಿಸಿತು. ಮೇಡಂಗೂ ಅನಿಸಿರಬೇಕು. ಆದರೆ ಕಾಗದದ ಮೇಲೆ ಅನಿಸಿಕೆಗೆ ಜಾಗವಿಲ್ಲ. ಅವರು ಟಿಪ್ಪಣಿ ಪುಸ್ತಕದಲ್ಲಿ ಎರಡು ಕಾರಣ ಬರೆದರು: ತೇವ ಹೆಚ್ಚು, ಬೆಣೆ ಕೆಲಸ ಅಪೂರ್ಣ. ನಿರ್ಣಯದ ಜಾಗ ಖಾಲಿ ಬಿಟ್ಟರು. ನಿರ್ಣಯ ಬರೆಯಲು ನಿಯಮದಲ್ಲಿ ಹದಿನೈದು ದಿನ ಇತ್ತು.

ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಬೆಂಕಿಯ ಮೇಲೆ ಒಣಗಿ ಹನ್ನೊಂದಕ್ಕೆ ಬಂದ ಮರ ಈ ಕೋಣೆಯಲ್ಲಿ ಹನ್ನೊಂದರಲ್ಲೇ ಇರುತ್ತದೆಯೇ?

"ಮೇಡಂ, ಹದಿನೈದು ದಿನ ಮೀಟರ್ ನನ್ನ ಹತ್ರ ಇರ್ಲಾ? ದಿನಾ ನೋಡಿ ಬರೀತೆ."

"ಯಾಕೆ?"

"ಗೊತ್ತಿಲ್ಲ. ನೋಡ್ಬೇಕು ಅನ್ನಿಸ್ತು."

ಅವರು ನನ್ನನ್ನೂ ಯಂತ್ರವನ್ನೂ ನೋಡಿದರು. "ಕಳೆದ್ರೆ ಮೊದ್ಲು ತಿರಸ್ಕಾರ ಆಗೂದು ನೀನು," ಎಂದು ಕೊಟ್ಟರು.

ಮರುದಿನದಿಂದ 9.20ಕ್ಕೆ ಶಾಲೆಯ ಹತ್ತಿರ ಬಸ್ಸಿಳಿದು, ಅಳೆದು, ಮುಂದಿನ ಬಸ್ಸಿಗೆ ಕಚೇರಿಗೆ ಹೋಗತೊಡಗಿದೆ. ಜುಲೈ 9ರಿಂದ 23ರವರೆಗೆ ಹದಿನೈದು ದಿನ. ಎರಡು ಭಾನುವಾರ, ಎರಡು ಮಳೆ ರಜೆ ಬಿಟ್ಟು ಹನ್ನೊಂದು ಸಲ ಅಳೆದೆ. ಬಾಗಿಲ ಬಳಿಯ ಚಂದದ ಬೆಂಚು, 19ನೇ ನಂಬರಿನ ಬೆಂಚು, ಮತ್ತೆ ಮುಖ್ಯೋಪಾಧ್ಯಾಯಿನಿಯವರ ಕೋಣೆಯಲ್ಲಿದ್ದ ಒಂದು ಹಳೆಯ ಬೆಂಚು. ಹಳೆಯದು ಯಾರ ಕಾಲದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಒಣಗುವುದಿದ್ದರೆ ಅದು ಯಾವತ್ತೋ ಒಣಗಿರಬೇಕು.

ಹಳೆಯದು ಮೊದಲ ದಿನವೇ ಹದಿನಾರು ತೋರಿಸಿತು. ಯಂತ್ರ ಕೆಟ್ಟಿದೆ ಎಂದುಕೊಂಡು ಮೂರು ಕಡೆ ಚುಚ್ಚಿದೆ. ಹದಿನಾರೇ.

ಮುಖ್ಯೋಪಾಧ್ಯಾಯಿನಿಯವರನ್ನು ಊರಿನವರೆಲ್ಲ ಅಕ್ಕೋರು ಎನ್ನುತ್ತಾರೆ. ನಾನೂ ಹಾಗೇ ಕರೆದೆ. "ಅಕ್ಕೋರೆ, ಇಷ್ಟು ಹಳೇ ಬೆಂಚಲ್ಲಿ ಹದಿನಾರು ಬರ್ತಾ ಅದೆ."

ಅವರು ಹಾಜರಿ ಪುಸ್ತಕ ಎತ್ತಿ ಹಿಡಿದರು. ಹಾಳೆಗಳು ತೊಯ್ದ ಬಟ್ಟೆಯಂತೆ ಬಾಗಿದವು. "ಡಬ್ಬಿ ಒಳಗಿದ್ದ ಉಪ್ಪೇ ನೀರಾಗ್ತದೆ ಇಲ್ಲಿ. ಬೆಂಚೊಂದು ಒಣಗಿ ಇರ್ಬೇಕಾ? ಅದಕ್ಕೇನು ರಜೆ ಕೊಟ್ಟಾರೆ?"

ಆಮೇಲೆ ನನಗೆ ಚಟ ಹಿಡಿಯಿತು. ಕಚೇರಿಯ ಬಾಗಿಲು, ಕಪಾಟು, ರೂಲುಕೋಲು, ಬಸ್‌ನಿಲ್ದಾಣದ ಚಾ ಅಂಗಡಿಯ ಸ್ಟೂಲು. ಕಾರವಾರದ ಮನೆಯಲ್ಲಿ ಕಿಟಕಿ, ದೇವರ ಮಣೆ, ತರಕಾರಿ ಹೆಚ್ಚುವ ಮೆಟ್ಟುಗತ್ತಿಯ ಹಲಗೆ. ಲಟ್ಟಣಿಗೆಗೆ ಚುಚ್ಚುವಾಗ ಆಯಿ ನೋಡಿಬಿಟ್ಟಳು.

"ಅದಕ್ಕೆ ಜ್ವರ ಬಂದದ್ಯೇನೆ?"

"ಹದಿನೈದು," ಎಂದೆ.

"ನಿನ್ನ ತಲೆಗೆ ಚುಚ್ಚಿ ನೋಡ್ಕೋ ಒಂದ್ಸಲ."

ಬೆಂಚುಗಳನ್ನು ಬಿಟ್ಟು ಒಟ್ಟು ಮೂವತ್ತೊಂದು ವಸ್ತುಗಳು. ಹದಿನಾಲ್ಕಕ್ಕಿಂತ ಕೆಳಗೆ ಒಂದೂ ಇರಲಿಲ್ಲ. ಷರತ್ತಿನ ಹನ್ನೆರಡನ್ನು ಯಾವ ಊರಿನಲ್ಲಿ, ಯಾವ ತಿಂಗಳಿನಲ್ಲಿ ಕೂತು ಬರೆದರೋ ಎಂದು ಆಗ ಮೊದಲ ಸಲ ಯೋಚಿಸಿದೆ.

ಬೆಂಚುಗಳ ಲೆಕ್ಕ ಹೀಗೆ ಸಾಗಿತು. ಜುಲೈ 9: ಚಂದದ್ದು 11, ಹತ್ತೊಂಬತ್ತನೆಯದು 18. ಜುಲೈ 14: 13, 17. ಜುಲೈ 18: 14, 17. ಒಂದು ಏರುತ್ತಿತ್ತು, ಒಂದು ಇಳಿಯುತ್ತಿತ್ತು. ಎರಡೂ ಆ ಹಳೆಯ ಬೆಂಚಿನ ಹದಿನಾರರ ಕಡೆಗೇ ಹೊರಟಂತಿತ್ತು.

ಜುಲೈ 19, ಶನಿವಾರ, ಮಧ್ಯಾಹ್ನ 2.40. ಅವರ್ಸಾದಲ್ಲಿ ಇಳಿದು ಆಚಾರಿಯವರ ಕೆಲಸದ ಚಪ್ಪರಕ್ಕೆ ಹೋದೆ. ಬೆಣೆಗಳನ್ನು ಯಾಕೆ ಹಾಗೆ ಬಿಟ್ಟದ್ದು ಎಂದು ಕೇಳುವುದಿತ್ತು. ಅವರು ಕಿಟಕಿಯ ಚೌಕಟ್ಟಿಗೆ ಉಳಿ ಹಾಕುತ್ತಿದ್ದರು.

"ಬಾ ತಂಗಿ. ಎಷ್ಟಾತು ಇವತ್ತು? ಹಾವು ಕಚ್ಚಿದಾಂಗೆ ಎರಡೆರಡು ತೂತು ಹಾಕ್ತೆ ಅಂತ ಅಕ್ಕೋರು ಹೇಳ್ತಿದ್ರು."

ಬೆಣೆಯ ವಿಷಯ ಕೇಳಿದೆ. ಅವರು ಒಂದನ್ನು ನನ್ನ ಕೈಗಿಟ್ಟರು. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ.

"ಅಪೂರ್ಣ ಅಂದ್ರು ಮೇಡಂ. ನಮ್ಮಪ್ಪನೂ ಹೀಂಗೇ ಮಾಡ್ತಿದ್ದ. ಮಳೇಲಿ ಮರ ಉಬ್ಬಿರ್ತದೆ. ಈಗ ಪೂರ್ತಿ ಹೊಡ್ದು ಕತ್ತರಿಸಿದ್ರೆ ಬ್ಯಾಸ್ಗೇಲಿ ಸಡಿಲ ಆಗ್ತದೆ, ಆಗ ಹೊಡೂಕೆ ಬೆಣೆನೇ ಇರೂದಿಲ್ಲ. ಅದ್ಕೇ ಬಾಕಿ ಇಡೂದು. ಒಂದು ಮಳೆ, ಒಂದು ಬ್ಯಾಸ್ಗೆ ಆದ್ಮೇಲೆ ನಾನೇ ಹೋಗಿ ಎರಡೆರಡು ಪೆಟ್ಟು ಹಾಕಿ ಬರೂದು. ಆಮೇಲೆ ಕಾಲು ಅಲ್ಲಾಡೂದಿಲ್ಲ."

"ಹಾಗಾದ್ರೆ ಆ ಚಂದದ್ದಕ್ಕೆ ಯಾಕೆ ಪೂರ್ತಿ ಹೊಡ್ದ್ರಿ?"

ಅವರು ಉಳಿ ಕೆಳಗಿಟ್ಟರು. "ಬೆಣೆ ಎದ್ದು ಕಂಡ್ರೆ ಸಾಹೇಬ್ರಿಗೆ ಅಸಹ್ಯ ಅಂತ. ನೋಡೂಕೆ ಅಂತ ಮಾಡಿದ್ದಲ್ದಾ ಅದು."

"ಮೇಡಂಗೆ ಇದನ್ನ ಅವತ್ತೇ ಹೇಳ್ಬೇಕಿತ್ತು."

"ಅವ್ರು ಕೇಳ್ಳಿಲ್ಲ. ಬಂದವ್ರಿಗೆ ನಾ ಪಾಠ ಹೇಳೂದಾ?"

ಜುಲೈ 21, ಸೋಮವಾರ, 9.25. ಚಂದದ ಬೆಂಚಿನ ಬಲಗಾಲಿನಲ್ಲಿ ಸೀಳು. ಗೇಣುದ್ದ, ಒಂದು ರೂಪಾಯಿ ನಾಣ್ಯದ ಅಂಚು ಹೋಗುವಷ್ಟು ಅಗಲ. ಅಕ್ಕೋರನ್ನು ಕರೆದೆ. ಶನಿವಾರ ಕೋಣೆಗೆ ಬೀಗ ಹಾಕುವಾಗ ಅದಿರಲಿಲ್ಲ ಎಂದು ಅವರು ಖಚಿತವಾಗಿ ಹೇಳಿದರು. ಮೇಡಂ ಕೂತು ಎದ್ದಮೇಲೆ ಯಾರೂ ಅದರ ಮೇಲೆ ಕೂತಿರಲಿಲ್ಲ. ಅಟ್ಟದಲ್ಲಿ ಒಣಗಿದ ಪಟ್ಟಿಯ ತುದಿ, ಒಣಗಿಸದ ಕಾಲಿನೊಳಗೆ ಬಿಗಿಯಾಗಿ ಕೂತು, ತೇವ ಕುಡಿದು ಉಬ್ಬಿತ್ತು. ಒಳಗಿನಿಂದಲೇ ಕಾಲನ್ನು ಸೀಳಿತ್ತು. ಉಳಿದ ನಲವತ್ತೇಳನ್ನೂ ಒಂದೊಂದಾಗಿ ಮಗುಚಿ ನೋಡಿದೆ. ಒಂದರಲ್ಲೂ ಸೀಳಿರಲಿಲ್ಲ.

ಜುಲೈ 23, ಬುಧವಾರ, 11.05. ಮೇಡಂ ಬಂದರು. ಆ ದಿನದ ಅಂಕಿ: ಚಂದದ್ದು 15, ಹತ್ತೊಂಬತ್ತನೆಯದು 17, ಹಳೆಯದು 16. ನನ್ನ ನೋಟುಪುಸ್ತಕವನ್ನು ಅವರು ಮೊದಲಿನಿಂದ ಓದಿದರು. ಲಟ್ಟಣಿಗೆಯ ಸಾಲಿಗೆ ಬಂದಾಗ ನಕ್ಕರು. ಆಮೇಲೆ ತಾವು ಬರೆಯುತ್ತಿದ್ದ ಮೇಜಿಗೇ ಯಂತ್ರ ಚುಚ್ಚಿದರು. ಹದಿನಾರು.

ಆಚಾರಿಯವರು ಬಾಗಿಲಲ್ಲೇ ನಿಂತಿದ್ದರು. ಎರಡು ದಿನದ ಗಡ್ಡ.

"ಮೇಡಮ್ಮೋರೆ, ಮೊದ್ಲ ದಿನ ಹನ್ನೊಂದು ಬಂದಿತ್ತಲ್ಲ. ಅದನ್ನೇ ಬರೀರಲ್ಲ. ಅದೂ ನಂದೇ ಬೆಂಚು."

ಬರೆದಿದ್ದರೆ ಕಡತ ಅಲ್ಲಿಗೇ ಮುಗಿಯುತ್ತಿತ್ತು. ಹನ್ನೊಂದು ಸುಳ್ಳೂ ಅಲ್ಲ, ನಾನೇ ಬರೆದುಕೊಂಡ ಅಂಕಿ. ಅರೆಕ್ಷಣ ನನಗೂ ಬರೆಯಲಿ ಅನಿಸಿತು.

"ಆ ಹನ್ನೊಂದು ಬಂದದ್ದು ನಿಮ್ಮ ಅಟ್ಟದಲ್ಲಿ, ಆಚಾರ್ರೆ," ಎಂದರು ಮೇಡಂ. " ಈ ಕೋಣೇಲಿ ಅಲ್ಲ. ಹದಿನೇಳನ್ನ ಹನ್ನೆರಡು ಅಂತ ಬರೆಯೂಕೆ ನಂಗೆ ಬರೂದಿಲ್ಲ. ಆದ್ರೆ ಹದಿನೇಳು ಅಂತ್ಲೇ ಬರ್ದು, ಯಾಕೆ ಹದಿನೇಳು ಅಂತ ಬರೀಬಹುದು."

ಮೇಡಂ ಸೀಳಿದ ಕಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಬೆಣೆಯ ಕತೆಯನ್ನು ಆಚಾರಿಯವರ ಬಾಯಿಂದಲೇ ಹೇಳಿಸಿದರು, ನಾನು ಬರೆದುಕೊಂಡೆ. ನಂತರ ನಿರ್ಣಯ ಬರೆದರು: ನಲವತ್ತೇಳು ಬೆಂಚುಗಳಿಗೆ ತೇವದ ಷರತ್ತಿನಲ್ಲಿ ವಿನಾಯಿತಿ ಕೋರಿ ಮೇಲಿನ ಕಚೇರಿಗೆ ಶಿಫಾರಸು, ಜೊತೆಗೆ ಹನ್ನೊಂದು ದಿನದ ಅಂಕಿಗಳು. ಮುಂದಿನ ಏಪ್ರಿಲ್‌ನಲ್ಲಿ ಆಚಾರಿಯವರು ಬಂದು ಮುಖ್ಯೋಪಾಧ್ಯಾಯಿನಿಯವರ ಎದುರು ಎಲ್ಲ ಬೆಣೆ ಹೊಡೆದುಕೊಡಬೇಕು. ಒಂದು ಬೆಂಚು ತಿರಸ್ಕೃತ, ಬದಲಿ ಕೊಡಬೇಕು.

"ಯಾವ್ದು ತಿರಸ್ಕೃತ?" ಎಂದು ಕೇಳಿದರು ಆಚಾರಿ. ಗೊತ್ತಿದ್ದೂ ಕೇಳಿದ್ದು.

ಆಗಸ್ಟ್ 6, ಬುಧವಾರ, 4.10. ಮೇಲಿನ ಕಚೇರಿಯ ಒಪ್ಪಿಗೆ ಬಂತು. ಸ್ವೀಕೃತಿ ಪುಸ್ತಕದಲ್ಲಿ ನಲವತ್ತೇಳು ಎಂದು ಬರೆದೆ. ಆಗಸ್ಟ್ 11ರಂದು ಆಚಾರಿಯವರು ಒಂದು ಗೂಡ್ಸ್ ರಿಕ್ಷಾದಲ್ಲಿ ಬದಲಿ ಬೆಂಚು ತಂದರು. ಪಾಲಿಶ್ ಸಾದಾ, ಬೆಣೆಗಳು ಅರ್ಧ ಬೆರಳು ಹೊರಗೆ. ಅಳೆದೆ: ಹದಿನೆಂಟು. ಅದೂ ಅದೇ ಷರತ್ತಿನ ಮೇಲೆ ಒಳಗೆ ಹೋಯಿತು. ಅವರು ಸೀಳಿದ್ದನ್ನು ತಾವೇ ಎತ್ತಿ ರಿಕ್ಷಾಕ್ಕೆ ಹಾಕಿದರು. ಮೇಲೆ ಟವೆಲ್ ಮುಚ್ಚಲಿಲ್ಲ.

"ನಲವತ್ತೇಳು ದಿನಾ ಮಾಡೂ ಹಾಂಗೆ ಮಾಡ್ದೆ, ಪಾಸಾತು. ಮನಸಿಟ್ಟು ಮಾಡಿದ್ದು ಒಂದು, ಅದೇ ವಾಪಸ್ಸು. ಬರ್ಕಣೆ ತಂಗಿ, ಅದನ್ನೂ ಬರ್ಕ."

ಬರೆದುಕೊಂಡಿದ್ದೇನೆ. ಆದರೆ ನನಗೆ ತಿಳಿಯದ್ದು ಇನ್ನೂ ಬಹಳ ಇದೆ. ಏಪ್ರಿಲ್‌ನಲ್ಲಿ ಈ ಬೆಂಚುಗಳು ಎಷ್ಟಕ್ಕೆ ಇಳಿಯುತ್ತವೆ? ಕಡಲಿಗೆ ಹತ್ತಿರದ ಭಾವಿಕೇರಿಯಲ್ಲೂ ಒಳಗಿನ ಕದ್ರಾದಲ್ಲೂ ಒಂದೇ ಅಂಕಿ ಬರುತ್ತದೆಯೇ? ನಾನು ಅಳೆದ ಬೆಂಚುಗಳು ಅಕೇಶಿಯಾ ಮರದವು. ಹಲಸು, ಮತ್ತಿ ಬೇರೆ ತೋರಿಸಬಹುದು. ಬೆಣೆಯನ್ನು ಒಂದು ವರ್ಷ ಬಾಕಿ ಇಡುವ ಪದ್ಧತಿ ಅವರ ಮನೆತನದ್ದು ಮಾತ್ರವೋ, ಈ ಕರಾವಳಿಯ ಎಲ್ಲ ಆಚಾರಿಗಳದ್ದೋ? ಓದಿದವರಲ್ಲಿ ಯಾರಾದರೂ ಮರದ ಕೆಲಸ ಮಾಡುವವರಿದ್ದರೆ, ಇಂಥ ಯಂತ್ರ ಕೈಯಲ್ಲಿರುವವರಿದ್ದರೆ, ಅಥವಾ ಬೆಣೆ ಹೊಡೆಯಲು ಎರಡನೇ ಸಲ ಮನೆಗೆ ಬಂದ ಆಚಾರಿಯನ್ನು ಕಂಡ ನೆನಪಿದ್ದರೆ, ದಯವಿಟ್ಟು ಬರೆದು ತಿಳಿಸಿ. ಊರು, ತಿಂಗಳು, ಮರದ ಹೆಸರು, ಅಂಕಿ, ಇಷ್ಟು ಇದ್ದರೆ ಸಾಕು. ಅಂಕಿ ಇಲ್ಲದಿದ್ದರೆ ನೆನಪೂ ಆದೀತು.