ಬೇಗ ಎದ್ದ ಆರು ಇಲಿಗಳು

ಇಂದು ಬೆಳಗ್ಗೆ ಮಸ್ಕಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಅಂಗಡಿಯಲ್ಲಿ ಬಡಿಗ ದೇವದಾರು ಹಲಗೆ ಕೀಸುತ್ತಿದ್ದ. ನಿಮಗದು ಬರೀ ಕಟ್ಟಿಗೆಯ ವಾಸನೆ. ನನಗೆ ಆರು ಇಲಿಗಳು ನೆನಪಾದವು.

ಆಗ ಸಿಂಧನೂರಿನಲ್ಲಿ ಫಾರ್ಮಸಿ ಓದುತ್ತಿದ್ದೆ. ದಿನಕ್ಕೆ ಎಷ್ಟು ಚಹಾ ಕುಡಿದೆ ಎಂಬುದನ್ನೂ ಗೀಟು ಹಾಕಿ ಬರೆದಿಡುವವಳು ನಾನು. ಔಷಧ ಕೊಟ್ಟು ಇಲಿಗಳ ನಿದ್ದೆ ಅಳೆಯುವ ಕೆಲಸ ನನಗಲ್ಲದೆ ಇನ್ನಾರಿಗೆ ಸಿಗಬೇಕು? ನಿದ್ದೆಯ ಔಷಧವನ್ನು ಯಕೃತ್ತಿನ ಕಿಣ್ವಗಳು ಕರಗಿಸುತ್ತವೆ. ಕಿಣ್ವ ಚುರುಕಾದಷ್ಟೂ ಇಲಿ ಬೇಗ ಏಳುತ್ತದೆ. ಎರಡು ಸಾಲು ಪಂಜರಗಳಲ್ಲಿದ್ದ ಹನ್ನೆರಡು ಇಲಿಗಳೂ ಒಂದೇ ತಳಿ, ಒಂದೇ ವಯಸ್ಸು, ಎಲ್ಲವೂ ಗಂಡು. ಆದರೆ ಕೆಳಸಾಲಿನ ಆರು ಒಂದೂವರೆ ತಾಸು ಮಲಗಿದರೆ, ಮೇಲುಸಾಲಿನವು ಮುಕ್ಕಾಲು ತಾಸಿಗೇ ಎದ್ದು ಮೀಸೆ ತಿಕ್ಕುತ್ತ ಕುಳಿತವು. ಮೂರು ಸಲ ಅಳೆದರೂ ಅಷ್ಟೇ.

"ನಿನ್ನ ಕೈ ತಪ್ಪಾಕತ್ತೈತಿ," ಎಂದರು ನಮ್ಮ ಸರ್. "ಶುಕ್ರವಾರದೊಳಗ ಸರಿ ಆಗಲಿಲ್ಲಂದ್ರ ಈ ವಿಷಯ ಬಿಡವ್ವಾ."

ಒಂದು ವರ್ಷದ ಕೆಲಸ. ಆ ಆರು ಅಂಕಿಗಳನ್ನು ಹೊಡೆದುಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಪೆನ್ನನ್ನೂ ತೆಗೆದೆ. ಇಲಿಗಳಿಗೆ ಕಾಳು, ನೀರು ನೋಡುವ ಪಾಮನಕಲ್ಲೂರಿನ ಹನುಮಕ್ಕ ಅಷ್ಟರಲ್ಲಿ ಬಂದಳು.

"ಯಾಕ ತಂಗಿ, ಇಲಿ ಎದ್ರ ನೀ ಅಳಾಕತ್ತೀ? ಸತ್ರ ಏನ್ ಮಾಡ್ತಿ?"

"ಮ್ಯಾಲಿನವಷ್ಟ ಯಾಕ ಲಗೂ ಏಳ್ತಾವ ಹನುಮಕ್ಕ?"

"ನನಗೇನ್ ಗೊತ್ತ? ಅವಕ್ಕ ಘಮಘಮ ಹಾಸಿಗಿ ಬ್ಯಾರೆ ಹಾಕೀನಿ. ರೈಸ್‌ಮಿಲ್ಲಿನ ಹೊಟ್ಟು ಕಮ್ಮಿ ಬಿತ್ತು. ನಮ್ಮ ತಮ್ಮ ಸಾಮಿಲ್ಲಿನ್ಯಾಗ ಅದಾನಲ್ಲ, ದೇವದಾರದ ಪುಡಿ ಒಂದು ಚೀಲ ಕೊಟ್ಟ. ಮ್ಯಾಲಿನ ಸಾಲಿಗಷ್ಟ ಸಾಲ್ತು. ಚಹಾ ಬರ್ಕೊಂತೀ, ಇದನ್ನ ಬರ್ಕೊಂಡಿಲ್ಲೇನು?"

ಬರೆದುಕೊಂಡಿರಲಿಲ್ಲ. ಔಷಧದ ತೂಕ, ಗಂಟೆ, ನಿಮಿಷ ಎಲ್ಲವೂ ಇತ್ತು; ಇಲಿ ಯಾವುದರ ಮೇಲೆ ಮಲಗಿದೆ ಎಂಬುದೊಂದು ಇರಲಿಲ್ಲ. ಗ್ರಂಥಾಲಯದಲ್ಲಿ ಹುಡುಕಿದೆ: ಅಂಥ ಮರದ ಘಾಟು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಬಲ್ಲದು. ಸರ್‌ಗೆ ತೋರಿಸಿ ಮೂರು ವಾರ ಕೇಳಿ ಪಡೆದೆ. ಎಲ್ಲಕ್ಕೂ ಭತ್ತದ ಹೊಟ್ಟನ್ನೇ ಹಾಸಿದೆವು. ಮತ್ತೆ ಅಳೆದಾಗ ಹನ್ನೆರಡೂ ಹೆಚ್ಚುಕಡಿಮೆ ಒಂದೇ ಹೊತ್ತು ಮಲಗಿದವು. ಸರ್ ಹಾಳೆ ತಿರುವಿ, "ಹಳೇ ಅಂಕಿನೂ ಇರ್ಲಿ. ಹನುಮಕ್ಕನ ಹೆಸರೂ ಬರಿ," ಎಂದರು.

"ನನ್ನ ಹೆಸರಾ? ಇಲಿ ಪುಸ್ತಕದಾಗಾ?" ಎಂದು ಹನುಮಕ್ಕ ಸೆರಗು ಬಾಯಿಗಿಟ್ಟು ನಕ್ಕಳು.

ಈಗ ಲಿಂಗಸುಗೂರಿನಲ್ಲಿ ನಾನೇ ಕಲಿಸುತ್ತೇನೆ. ಇಂದು ಮಧ್ಯಾಹ್ನ ವಿದ್ಯಾರ್ಥಿನಿಯೊಬ್ಬಳು, "ಈ ಎರಡು ಅಂಕಿ ಕೂಡವಲ್ಲವು ಮೇಡಂ, ತೆಗೀಲೇನ್ರಿ?" ಎಂದಳು.

"ತಡಿ. ಮೊದಲು ಪಂಜರ ತೊಳಿಯೋರನ್ನ ಮಾತಾಡಿಸಿ ಬಾ."

ಅವಳು ಹೋಗಿ ಒಂದು ತಾಸಾಯಿತು. ಇನ್ನೂ ಬಂದಿಲ್ಲ, ಮಾತು ಚೆನ್ನಾಗಿ ಸಾಗಿರಬೇಕು.