ನೆರೆಗೆ ಜಾಗ ಕೊಟ್ಟ ಮೈದಾನ

ಬೆಳಕು ಹರಿಯುವ ಹೊತ್ತು. ಲೋಸಾ ಫಾಲೆಟೋಸೆ ರಗ್ಬಿ ಮೈದಾನದ ಅಂಚಿನಲ್ಲಿ ಇಬ್ಬನಿಯ ಹುಲ್ಲಿನ ಮೇಲೆ ಮಂಡಿಯೂರಿ ಕೂತಿದ್ದಾರೆ. ಜನ ಓಡಾಡಿ ಹುಲ್ಲು ಸವೆದು, ಬಸ್ ನಿಲ್ದಾಣದ ಕಡೆಗೆ ಹೊಸದೊಂದು ಕಾಲುದಾರಿ ಮೂಡಿದೆ. "ನಾನು ಕಲ್ಲು ಹಾಸಿಸಿದ ದಾರಿ ಅಲ್ಲಿದೆ, ಜನ ನಡೀತಿರೋದು ಇಲ್ಲಿ. ತಪ್ಪು ನಂದೇ. ದಾರೀನೇ ಈ ಕಡೆ ತಂದ್ಬಿಡ್ತೀನಿ," ಎಂದು ನಗುತ್ತಾರೆ.

ದಕ್ಷಿಣ ಆಕ್ಲೆಂಡಿನ ನಮ್ಮ ಬಡಾವಣೆಗಳಲ್ಲಿ ಮಕ್ಕಳು ಜೋಕಾಲಿ ಆಡುವ, ಅಜ್ಜಿಯರು ನೆರಳಲ್ಲಿ ಕೂತು ಹರಟುವ ಜಾಗಗಳಲ್ಲಿ ಹೆಚ್ಚಿನವು ಇವರ ಕೈಯಲ್ಲೇ ರೂಪುಗೊಂಡವು. ನಗರಸಭೆಯಲ್ಲಿ ಪಾರ್ಕುಗಳ ವಿನ್ಯಾಸಕಿಯಾಗಿ ಇಪ್ಪತ್ತಾರು ವರ್ಷ ದುಡಿದಿದ್ದಾರೆ. ಆದರೂ ಹೆಸರು ಹೇಳಿದರೆ ಯಾರು ಅವರು ಎಂದು ಕೇಳುವವರೇ ಹೆಚ್ಚು. ಅಪ್ಪ ಸಮೋವಾದಿಂದ ಬಂದು ಮಾಂಸದ ಕಾರ್ಖಾನೆ ಸೇರಿದವರು. ಮಗಳು ಏನು ಓದುತ್ತಾಳೆಂದು ತಿಳಿದಾಗ, "ತೋಟ ಮಾಡೋಕೂ ಕಾಲೇಜು ಬೇಕೇನೇ?" ಅಂದಿದ್ದರಂತೆ.

ಈ ಮೈದಾನ ಮಾತ್ರ ಅವರಿಗೆ ಸುಲಭಕ್ಕೆ ದಕ್ಕಿದ್ದಲ್ಲ. ದೊಡ್ಡ ಮಳೆ ಬಂದಾಗಲೆಲ್ಲ ಪಕ್ಕದ ತೊರೆ ಉಕ್ಕಿ ಮನೆಗಳಿಗೆ ನುಗ್ಗುತ್ತಿತ್ತು. ರಗ್ಬಿ ಮೈದಾನವನ್ನೇ ಎದೆಮಟ್ಟ ತಗ್ಗಿಸಿ, ಉಕ್ಕಿದ ನೀರು ಅಲ್ಲಿ ನಿಲ್ಲುವಂತೆ ಮಾಡಬೇಕೆಂದು ಲೋಸಾ ಹಠ ಹಿಡಿದರು. ಆ ಯೋಜನೆಯನ್ನು ಊರವರ ಮುಂದಿಟ್ಟ ಸಭೆಯಲ್ಲಿ ನಾನೂ ಇದ್ದೆ. ರಗ್ಬಿ ಕ್ಲಬ್ಬಿನ ಅಧ್ಯಕ್ಷ ಇಯೋಸೆಫೋ ಎದ್ದು ನಿಂತು ಅಬ್ಬರಿಸಿದರು: "ನಮ್ಮ ಹುಡುಗ್ರು ಚೆಂಡು ಆಡ್ಬೇಕಾ, ಮೀನು ಹಿಡೀಬೇಕಾ?"

ಸಭೆ ಗೊಳ್ಳೆಂದು ನಕ್ಕಿತು.

"ಎರಡೂ ಕಲೀಲಿ ಬಿಡಿ ಮಾಮ," ಎಂದರು ಲೋಸಾ. "ನೀರು ಇಳಿಯೋತನಕ ಆಟ ಕಾಯುತ್ತೆ. ಒದ್ದೆ ಹಾಸಿಗೇಲಿ ಮಲಗೋ ಮಗು ಕಾಯೋಕಾಗಲ್ಲ."

ಸ್ಥಳೀಯ ಮಂಡಳಿಯ ಮತದಾನದಲ್ಲಿ ಯೋಜನೆ ಕೂದಲೆಳೆಯ ಅಂತರದಲ್ಲಿ ಗೆದ್ದಿತು, ಮೈದಾನ ಅಗೆದು ತಗ್ಗಿಸಿದ್ದೂ ಆಯಿತು. ಇಯೋಸೆಫೋ ಚರ್ಚಿನಲ್ಲೂ ಮುಖ ತಿರುಗಿಸತೊಡಗಿದರು. ಅಲ್ಲಿ ಲೋಸಾರ ಅಮ್ಮನ ಜೊತೆ ಹಾಡುವ ಹೆಂಗಸರೂ ಆಕೆಯೊಡನೆ ಮಾತು ಬಿಟ್ಟರು. "ಅಮ್ಮನ್ನ ನೋಡಿ ಸಂಕಟ ಆಗ್ತಿತ್ತು. ಲೆಕ್ಕ ತಪ್ಪಿದ್ರೆ ನಾನು ಈ ಊರಲ್ಲಿ ಇರೋ ಹಾಗೇ ಇರ್ಲಿಲ್ಲ. ಆದ್ರೆ ಲೆಕ್ಕ ತಪ್ಪಿರ್ಲಿಲ್ಲ," ಎನ್ನುತ್ತಾರೆ ಲೋಸಾ.

ಕಳೆದ ಚಳಿಗಾಲದಲ್ಲಿ ಮಳೆ ಹಿಡಿದುಕೊಂಡು ಬಿಡಲೇ ಇಲ್ಲ. ಒಂದು ಮಧ್ಯಾಹ್ನ ತೊರೆ ದಡ ಮೀರಿತು. ನಾವೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ನೀರು ರಸ್ತೆಗೆ ಬರದೆ ಮೈದಾನಕ್ಕೆ ಇಳಿಯಿತು, ಗೋಲು ಕಂಬಗಳ ಬುಡ ಮುಳುಗಿಸಿತು, ಅಲ್ಲೇ ನಿಂತಿತು. ಒಂದು ಮನೆಯ ಹೊಸಿಲೂ ನೆನೆಯಲಿಲ್ಲ.

ಛತ್ರಿ ಹಿಡಿದು ದಿಬ್ಬದ ಮೇಲೆ ನಿಂತಿದ್ದ ಲೋಸಾರ ಬಳಿ ಇಯೋಸೆಫೋ ಬಂದರು. ಕೈಯಲ್ಲಿ ತೆಂಗಿನ ಹಾಲಿನ ಬಿಸಿ ಬನ್ನುಗಳು. "ತಗೊಳ್ಳಮ್ಮಾ, ತಿನ್ನು. ಶನಿವಾರದ ಪಂದ್ಯ ಮಾತ್ರ ಹಾಳ್ಮಾಡ್ಬಿಟ್ಟೆ ನೀನು."

ಈಗ ಅಲ್ಲಿ ಹುಲ್ಲು ಮೊದಲಿಗಿಂತ ದಟ್ಟವಾಗಿದೆ. ಮೊನ್ನೆ, ಬಡಾವಣೆಗೆ ಹೊಸದಾಗಿ ಬಂದ ಟೋಂಗಾದ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ಲೋಸಾರ ಪಕ್ಕ ಕೂತಳಂತೆ. "ದೇವರು ಈ ಜಾಗಾನ ಬಟ್ಟಲ ಥರ ಎಷ್ಟು ಚಂದ ಮಾಡಿಟ್ಟಿದ್ದಾನೆ ನೋಡಕ್ಕಾ," ಅಂದಳಂತೆ.

"ನೀವೇನಂದ್ರಿ?" ಎಂದು ಕೇಳುತ್ತೇನೆ.

"ಹೂಂ ಅಂದೆ. ದೇವರ ಕೆಲಸ ಅನ್ಕೊಳ್ಳೋ ಹಾಗೆ ಮಾಡಿದ್ದೀನಲ್ಲ, ಇನ್ನೇನು ಬೇಕು?"