ಮಾವನ ಲೇಹ್ಯ, ಅತ್ತೆಯ ಸೊಂಟ

ಐವತ್ತರ ದಶಕದ ಮಾತು. ನಾನು ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಎರಡು ಸೊಂಟನೋವುಗಳಿದ್ದವು. ಮಾವನದು ಊರಿಗೆಲ್ಲ ಗೊತ್ತಿತ್ತು, ಅತ್ತೆಯದು ಅವರ ಸೊಂಟಕ್ಕೆ ಮಾತ್ರ. ಕಳೆ ಕಿತ್ತು, ರಾಗಿ ಬೀಸಿ, ಬೆಳಿಗ್ಗೆ ಚಾಪೆಯಿಂದ ಏಳಲು ಅತ್ತೆ ಗೋಡೆ ಹಿಡಿಯುತ್ತಿದ್ದರು. ಮಾವ ಜಗಲಿಯಲ್ಲಿ ಕೂತು ಊರವರಿಗೆ ನ್ಯಾಯ ಹೇಳಿ ಹೇಳಿಯೇ ಸೊಂಟ ಹಿಡಿಸಿಕೊಂಡವರು.

ಗುಂಡ್ಲುಪೇಟೆ ಆಸ್ಪತ್ರೆಯ ಔಷಧಿಗೆ ಮಾವನ ನೋವು ಜಗ್ಗಲಿಲ್ಲ. ತೆರಕಣಾಂಬಿಯ ಪಂಡಿತರೊಬ್ಬರು ಭಂಗಿಸೊಪ್ಪನ್ನು ತುಪ್ಪದಲ್ಲಿ ಹುರಿದು, ಬೆಲ್ಲದ ಪಾಕಕ್ಕೆ ಹಾಕಿ, ಒಂದು ಭರಣಿ ಲೇಹ್ಯ ಕೊಟ್ಟರು. ಊರ ಮಂಟಪದಲ್ಲಿ ಕೂತು ಭಂಗಿ ಸೇದುವವರನ್ನು ಮಾವ ಮನೆಹಾಳರೆಂದು ಉಗಿಯುತ್ತಿದ್ದರು. ತುಪ್ಪ ಬೆಲ್ಲ ಸೇರಿದ ಮೇಲೆ ಅದೇ ಸೊಪ್ಪನ್ನು ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದರು.

ಅತ್ತೆ ಒಂದು ದಿನ ಬಾಯಿಬಿಟ್ಟು ಕೇಳಿದರು. "ನಂಗೂ ವಸಿ ಕೊಡಿ. ಸೊಂಟ ಇಡ್ಕೊಂಡದೆ."

"ಸುಮ್ಕಿರಮ್ಮಿ. ಎಂಗಸ್ರು ಭಂಗಿ ತಿಂದ್ರೆ ಊರು ಉಗೀತದೆ. ಒಲೆ ಮುಂದೆ ಕೂತಿರೋಳ್ಗೆ ಎಂಥ ನೋವು?" ಎಂದರು ಮಾವ.

ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನವೇ ಬೆಲ್ಲಕ್ಕೆ ಶುಂಠಿ, ಮೆಣಸು, ಅರೆದ ನುಗ್ಗೆಸೊಪ್ಪು ಹಾಕಿ ಅದೇ ಬಣ್ಣದ ಲೇಹ್ಯ ಕಾಸಿದೆ. ಅದು ಮಾವನ ಭರಣಿಗೆ ಹೋಯಿತು, ಪಂಡಿತರದು ಅಡುಗೆಮನೆಯ ಸಾಸಿವೆ ಡಬ್ಬಿಗೆ. ಊಟವಾದ ಮೇಲೆ ಕಡಲೆಕಾಳಿನಷ್ಟು ತಿಂದು ಮಲಗಿದ ಅತ್ತೆ, ಬೆಳಿಗ್ಗೆ ಗೋಡೆ ಹಿಡಿಯದೆ ಎದ್ದರು. ನನಗೆ ಅಳುವೇ ಬಂತು.

ಮಾವನೂ ಎದ್ದರು! "ಪಂಡಿತ್ರ ಕೈಗುಣ ನೋಡ್ಲಾ" ಎಂದು ಜಗಲಿಗೆ ಬಂದವರಿಗೆಲ್ಲ ಸೊಂಟ ತಿರುಗಿಸಿ ತೋರಿಸಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ತಿಂಗಳಾಗುವಷ್ಟರಲ್ಲಿ ಭರಣಿಯೂ ಡಬ್ಬಿಯೂ ಬರಿದಾದವು. "ನಂಗೆ ವಾಸಿ ಆಗೋಯ್ತು, ಇನ್ ಲೇಹ್ಯ ಬ್ಯಾಡ" ಎಂದುಬಿಟ್ಟರು ಮಾವ. ನನ್ನ ನಗು ಅಲ್ಲಿಗೆ ನಿಂತಿತು.

ನಾಲ್ಕನೆಯ ದಿನ ಅತ್ತೆಗೆ ಬೀಸುವ ಕಲ್ಲಿನ ಮುಂದೆ ಕೂರಲಾಗಲಿಲ್ಲ. ನನ್ನನ್ನು ಹತ್ತಿರ ಕರೆದರು. "ಓಗಮ್ಮಿ, ನಿಮ್ಮಾವನ್ನ ಸೊಂಟ ಎಂಗದೆ ಅಂತ ಕೇಳು. ವಸಿ ಅಯ್ಯೋ ಪಾಪ ಅನ್ನೋ ಅಂಗೆ ಕೇಳು."

ಹೋಗಿ ಕೇಳಿದೆ. ಮುಖ ಬಾಡಿದೆಯಲ್ಲ, ನಡಿಗೆ ಯಾಕೋ ಓರೆಯಾಗಿದೆಯಲ್ಲ ಎಂದೂ ಸೇರಿಸಿದೆ. ಮಾವ ಯೋಚಿಸಿದರು. ಕೈ ಮೆಲ್ಲಗೆ ಸೊಂಟಕ್ಕೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ನರಳತೊಡಗಿದರು, ಸಂಜೆಯ ಬಸ್ಸಿಗೆ ತೆರಕಣಾಂಬಿಗೆ ಆಳು ಹೋದ. ಅಲ್ಲಿಂದ ಮುಂದೆ, ಅತ್ತೆಯ ನೋವಿಗೆ ನರಳುವ ಕೆಲಸ ಮಾವನದೇ ಆಯಿತು.